ಹೊಸ ಡೆಸ್ಕ್‌ಟಾಪ್ ಕೊಳ್ಳುವ ಮುಂಚೆ: ಕೊಟೇಶನ್‌ನಲ್ಲಿ ಬರೆಯದೇ ಬಿಟ್ಟ ಪಾರ್ಟ್‌ಗಳ ಬಗ್ಗೆ

"ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 1 ಟಿಬಿ ಎಸ್‌ಎಸ್‌ಡಿ, 4 ಜಿಬಿ ಗ್ರಾಫಿಕ್ಸ್ ಕಾರ್ಡ್." ಹೊಸ ಡೆಸ್ಕ್‌ಟಾಪ್ ಬಗ್ಗೆ ವಿಚಾರಿಸಿದರೆ ಕೈಗೆ ಸಿಗುವ ಚೀಟಿಯಲ್ಲಿ ಸಾಮಾನ್ಯವಾಗಿ ಇಷ್ಟೇ ಇರುತ್ತದೆ. ಓದಿದರೆ ಎಲ್ಲಾ ಇದೆ ಅನ್ನಿಸುತ್ತದೆ. ಆದರೆ ಅದು ಯಾವ ವರ್ಷದ ಐ7? ರ‍್ಯಾಮ್ ಒಂದು ಸ್ಟಿಕ್ಕಾ, ಎರಡಾ? ಮದರ್‌ಬೋರ್ಡ್ (ಎಲ್ಲಾ ಪಾರ್ಟ್ ಕೂರುವ ಮುಖ್ಯ ಬೋರ್ಡ್) ಯಾವುದು, ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಒಳಗಿನ ಪಾರ್ಟ್‌ಗಳಿಗೆ ಹಂಚುವ ಡಬ್ಬ) ಯಾವ ಕಂಪನಿಯದು? ಒಂದೂ ಇಲ್ಲ. ಈ ಒಂದು ಸಾಲನ್ನು ನಂಬಿ ದುಡ್ಡು ಕೊಟ್ಟು, ಎರಡು ವರ್ಷಕ್ಕೇ ಕೈ ಕೈ ಹಿಸುಕಿಕೊಂಡವರನ್ನು ಸುಮಾರು ನೋಡಿದ್ದೇನೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಪಾರ್ಟ್‌ಗಳ ಹೆಸರು ನೋಡುವ ಮುಂಚೆ ಒಂದು ಕಾಗದ ತಗೊಳ್ಳಿ. ಈ ಕಂಪ್ಯೂಟರ್ ಮುಂದೆ ಕೂತು ವಾರದಲ್ಲಿ ಏನೇನು ಮಾಡುತ್ತೀರಿ, ಯಾವುದಕ್ಕೆ ಎಷ್ಟು ಹೊತ್ತು ಹೋಗುತ್ತದೆ ಅಂತ ಬರೆಯಿರಿ. "ಎಲ್ಲಾದಕ್ಕೂ ಬೇಕು" ಅಂತ ಬರೆಯಬೇಡಿ, ಅದು ಯಾವುದಕ್ಕೂ ಉತ್ತರ ಅಲ್ಲ. ಬ್ರೌಸರ್, ಎಕ್ಸೆಲ್, ಮಕ್ಕಳ ಆನ್‌ಲೈನ್ ಪಾಠ, ಅಷ್ಟೇನಾ? ವೀಡಿಯೊ ಎಡಿಟ್ ಮಾಡುತ್ತೀರಾ, ಮಾಡಿದರೆ ಮೊಬೈಲಿನ ವೀಡಿಯೊವಾ ಅಥವಾ ಕ್ಯಾಮೆರಾದ 4ಕೆ ವೀಡಿಯೊವಾ? ಆಟ ಆಡುತ್ತೀರಾದರೆ ಯಾವ ಆಟ, ಎಷ್ಟು ದೊಡ್ಡ ಮಾನಿಟರ್ ಮೇಲೆ? ಈ ಪಟ್ಟಿ ಇದ್ದರೆ ಯಾರೂ ನಿಮಗೆ ಬೇಡದ್ದನ್ನು ಸುಲಭವಾಗಿ ತಗಲಿಸಲು ಆಗುವುದಿಲ್ಲ.

ಆಮೇಲೆ ಇನ್ನೊಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ, ನನ್ನ ಪ್ರಕಾರ ಇದೇ ಮುಖ್ಯ. ಯಾವ ಪಾರ್ಟ್ ಅನ್ನು ಆಮೇಲೆ ಬದಲಾಯಿಸುವುದು ಸುಲಭ, ಯಾವುದು ಕಷ್ಟ? ರ‍್ಯಾಮ್ ಸೇರಿಸುವುದು ಎರಡು ನಿಮಿಷದ ಕೆಲಸ. ಎಸ್‌ಎಸ್‌ಡಿ ಒಂದು ಸ್ಕ್ರೂ. ಗ್ರಾಫಿಕ್ಸ್ ಕಾರ್ಡ್ ಕೂಡ ತೆಗೆದು ಹಾಕಬಹುದು. ಆದರೆ ಮದರ್‌ಬೋರ್ಡ್ ಬದಲಾಯಿಸಬೇಕು ಅಂದರೆ ಇಡೀ ಕಂಪ್ಯೂಟರ್ ಬಿಚ್ಚಬೇಕು, ಎಸ್‌ಎಂಪಿಎಸ್ ಬದಲಾಯಿಸಲು ಒಳಗಿನ ವೈರ್ ಎಲ್ಲಾ ಹೊಸದಾಗಿ ಎಳೆಯಬೇಕು. ಹಾಗಾಗಿ ಬದಲಾಯಿಸಲು ಕಷ್ಟ ಇರುವುದರಲ್ಲಿ ಮೊದಲ ದಿನವೇ ಒಳ್ಳೆಯದನ್ನು ಹಾಕಿ, ಸುಲಭ ಇರುವುದರಲ್ಲಿ ಸದ್ಯಕ್ಕೆ ಸಾಕಾಗುವಷ್ಟು ಹಾಕಿ. ಹೆಚ್ಚಿನವರು ಇದನ್ನು ತಿರುಗಾ ಮುರುಗಾ ಮಾಡುತ್ತಾರೆ. ಕಣ್ಣಿಗೆ ಕಾಣುವ ನಂಬರ್‌ಗೆ ದುಡ್ಡು ಸುರಿದು, ಹೆಸರೇ ಕೇಳದ ಎಸ್‌ಎಂಪಿಎಸ್ ಮೇಲೆ ಇಡೀ ಭಾರ ಹೊರಿಸುತ್ತಾರೆ.

ಎಸ್‌ಎಂಪಿಎಸ್‌ನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನಾನು ಪೆಟ್ಟು ತಿಂದದ್ದು ಅಲ್ಲೇ. ಕ್ಯಾಬಿನೆಟ್ ಜೊತೆ ಬಂದ ಒಂದು ಎಸ್‌ಎಂಪಿಎಸ್ ಇತ್ತು, ಮೇಲೆ ದೊಡ್ಡದಾಗಿ 500 ವ್ಯಾಟ್ ಅಂತ ಬರೆದಿತ್ತು. ಮೊದಲ ಕೆಲವು ತಿಂಗಳು ಏನೂ ತೊಂದರೆ ಇರಲಿಲ್ಲ. ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಶುರುವಾಯಿತು. ವೀಡಿಯೊ ಎಕ್ಸ್‌ಪೋರ್ಟ್‌ಗೆ ಇಟ್ಟು ಕಾಯುತ್ತಾ ಕೂತಿರುತ್ತಿದ್ದೆ, ಪಟ್ಟಿ ಮುಕ್ಕಾಲು ಭಾಗ ತುಂಬಿರುತ್ತಿತ್ತು, ಟಕ್ ಅಂತ ಒಂದು ಸದ್ದು, ಸ್ಕ್ರೀನ್ ಕಪ್ಪು, ಫ್ಯಾನ್‌ಗಳು ನಿಧಾನಕ್ಕೆ ತಿರುಗಿ ನಿಂತುಬಿಡುತ್ತಿದ್ದವು. ಎರರ್ ಇಲ್ಲ, ನೀಲಿ ಸ್ಕ್ರೀನ್ ಇಲ್ಲ. ನಾನು ವಿಂಡೋಸ್ ಹೊಸದಾಗಿ ಹಾಕಿದೆ, ರ‍್ಯಾಮ್ ತೆಗೆದು ಹಾಕಿದೆ, ಪ್ರೊಸೆಸರ್ ಬಿಸಿಯನ್ನು ಕೂಲರ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಬದಲಾಯಿಸಿದೆ. ಕೊನೆಗೆ ಗೆಳೆಯನ ಎಸ್‌ಎಂಪಿಎಸ್ ತಂದು ಸಿಕ್ಕಿಸಿದ ದಿನ ಅದೇ ಎಕ್ಸ್‌ಪೋರ್ಟ್ ಒಂದೇ ಸಲಕ್ಕೆ ಮುಗಿಯಿತು. ಮೂರು ವಾರ ಹಾಳಾಗಿದ್ದವು.

ಹಾಗಾದರೆ ಏನು ನೋಡಬೇಕು? ವ್ಯಾಟ್ ಲೆಕ್ಕ ಕಷ್ಟವೇನಲ್ಲ. ಪ್ರೊಸೆಸರ್ ಹೆಚ್ಚೆಂದರೆ ಎಳೆಯುವ ವ್ಯಾಟ್, ಗ್ರಾಫಿಕ್ಸ್ ಕಾರ್ಡ್ ವ್ಯಾಟ್, ಉಳಿದ ಎಲ್ಲಾದಕ್ಕೂ ಸೇರಿ ಒಂದು 75ರಿಂದ 100, ಇದನ್ನು ಕೂಡಿಸಿ, ಮೇಲೆ ಅರ್ಧದಷ್ಟು ಜಾಸ್ತಿ ಇಟ್ಟುಕೊಳ್ಳಿ. ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್ ಎಳೆಯುವುದು 115 ವ್ಯಾಟ್, ಜೊತೆಗೆ ಮಧ್ಯಮ ದರ್ಜೆಯ ಪ್ರೊಸೆಸರ್ ಇದ್ದರೆ 550 ವ್ಯಾಟ್‌ನ ಒಳ್ಳೆಯ ಎಸ್‌ಎಂಪಿಎಸ್ ಧಾರಾಳ ಆಯಿತು. "ಒಳ್ಳೆಯ" ಅನ್ನುವ ಮಾತೇ ಇಲ್ಲಿ ದೊಡ್ಡದು. ಗ್ರಾಫಿಕ್ಸ್ ಕಾರ್ಡ್‌ಗಳು ಕಣ್ಣು ಮಿಟುಕಿಸುವುದರೊಳಗೆ ತಮ್ಮ ಮಾಮೂಲಿ ಲೆಕ್ಕಕ್ಕಿಂತ ಎಷ್ಟೋ ಜಾಸ್ತಿ ಕರೆಂಟ್ ಎಳೆದು ಮತ್ತೆ ಇಳಿಯುತ್ತವೆ. ಆ ಕ್ಷಣವನ್ನು ತಡೆಯಲಾಗದ ಎಸ್‌ಎಂಪಿಎಸ್ ಆಫ್ ಆಗುತ್ತದೆ, ನನಗೆ ಆಗಿದ್ದೂ ಅದೇ. 2022ರಲ್ಲಿ ಬಂದ ಎಸ್‌ಎಂಪಿಎಸ್‌ಗಳ ಎಟಿಎಕ್ಸ್ 3.0 ನಿಯಮ ಇಂಥ ಏರಿಳಿತವನ್ನು ತಡೆದುಕೊಳ್ಳಬೇಕು ಅಂತಲೇ ಹೇಳುತ್ತದೆ, ಹಾಗಾಗಿ ದೊಡ್ಡ ಕಾರ್ಡ್ ಹಾಕುವವರು ಎಟಿಎಕ್ಸ್ 3.0 ಅಥವಾ 3.1 ಇರುವುದನ್ನೇ ಕೇಳಿ.

80 ಪ್ಲಸ್ ಬ್ರಾಂಜ್, ಗೋಲ್ಡ್ ಅನ್ನುವ ಸ್ಟಿಕರ್ ನೋಡಿ ಮಾತ್ರ ತೀರ್ಮಾನ ಮಾಡಬೇಡಿ. ಅದು ಗೋಡೆಯಿಂದ ಎಳೆದ ಕರೆಂಟಿನಲ್ಲಿ ಎಷ್ಟು ಭಾಗ ನಿಜವಾಗಿ ಕಂಪ್ಯೂಟರಿಗೆ ಹೋಗುತ್ತದೆ ಅನ್ನುವ ಲೆಕ್ಕ. 115 ವೋಲ್ಟ್ ಪರೀಕ್ಷೆಯಲ್ಲಿ, ಅರ್ಧ ಲೋಡ್ ಇದ್ದಾಗ, ಬ್ರಾಂಜ್‌ಗೆ ಶೇ. 85, ಗೋಲ್ಡ್‌ಗೆ ಶೇ. 90. ಒಳಗಿನ ಕೆಪಾಸಿಟರ್ ಎಷ್ಟು ವರ್ಷ ಬಾಳುತ್ತದೆ ಅಂತ ಅದು ಹೇಳುವುದಿಲ್ಲ. ನನಗೆ ವಾರಂಟಿ ವರ್ಷವೇ ಹೆಚ್ಚು ನಂಬಿಕೆ ಕೊಡುತ್ತದೆ. 7 ಅಥವಾ 10 ವರ್ಷ ವಾರಂಟಿ ಕೊಡುವ ಕಂಪನಿ ಒಳಗೆ ಕಳಪೆ ಮಾಲು ಹಾಕಿದರೆ ನಷ್ಟ ಅವರದೇ ಅಲ್ವಾ? ಇನ್ನೊಂದು ಎಚ್ಚರಿಕೆ: ಮಾಡ್ಯುಲರ್ (ಕೇಬಲ್ ಬಿಚ್ಚಿ ಸಿಕ್ಕಿಸಬಹುದಾದ) ಎಸ್‌ಎಂಪಿಎಸ್ ಆದರೆ ಅದರ ಜೊತೆ ಬಂದ ಕೇಬಲ್ ಮಾತ್ರ ಬಳಸಿ. ಹಳೆಯ ಎಸ್‌ಎಂಪಿಎಸ್‌ನ ಕೇಬಲ್ ಸರಿಯಾಗಿ ಕೂತುಕೊಳ್ಳಬಹುದು, ಆದರೆ ಒಳಗಿನ ಪಿನ್ ಜೋಡಣೆ ಬೇರೆ ಇರಬಹುದು. ಸ್ವಿಚ್ ಹಾಕಿದ ತಕ್ಷಣ ಎಸ್‌ಎಸ್‌ಡಿಯೋ ಹಾರ್ಡ್ ಡಿಸ್ಕೋ ಸುಟ್ಟುಹೋಗಬಹುದು.

ಮದರ್‌ಬೋರ್ಡ್ ಮತ್ತು ಪ್ರೊಸೆಸರ್ ಒಟ್ಟಿಗೇ ಆರಿಸಬೇಕು, ಸಾಕೆಟ್ (ಬೋರ್ಡ್ ಮೇಲೆ ಪ್ರೊಸೆಸರ್ ಕೂರುವ ಜಾಗ) ಹೊಂದಬೇಕಲ್ಲ. ಇಲ್ಲಿ ಸಾಕೆಟ್‌ನ ಆಯಸ್ಸು ನೋಡಿ. ಇಂಟೆಲ್‌ನಂತೆಯೇ ಪ್ರೊಸೆಸರ್ ಮಾಡುವ ಎಎಂಡಿ ಕಂಪನಿಯ ಎಎಂ4 ಸಾಕೆಟ್ ಇದಕ್ಕೆ ಒಳ್ಳೆಯ ಉದಾಹರಣೆ. 2017ರಲ್ಲಿ ಅವರ ಮೊದಲ ರೈಜನ್ ಪ್ರೊಸೆಸರ್ ಹಾಕಿಕೊಂಡವರಲ್ಲಿ ಎಷ್ಟೋ ಜನ ಅದೇ ಬೋರ್ಡ್‌ಗೆ ಬಯಾಸ್ (ಬೋರ್ಡ್‌ನಲ್ಲೇ ಇರುವ, ಕಂಪ್ಯೂಟರ್ ಶುರು ಮಾಡುವ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ, 2022ರಲ್ಲಿ ಬಂದ 5800ಎಕ್ಸ್3ಡಿ ಹಾಕಿದರು. ಬರೀ ಒಂದು ಚಿಪ್ ಬದಲಾಯಿಸಿದರು, ಕಂಪ್ಯೂಟರ್ ಹೊಸದಾಯಿತು. ಈಗಿನ ಎಎಂ5 ಬಂದದ್ದು 2022ರಲ್ಲಿ, 2027ರವರೆಗಾದರೂ ಅದಕ್ಕೆ ಬೆಂಬಲ ಇರುತ್ತದೆ ಅಂತ ಎಎಂಡಿ ಹೇಳಿದೆ. ಇಂಟೆಲ್‌ನ ಎಲ್‌ಜಿಎ1700 ಸಾಕೆಟ್ 12, 13, 14ನೇ ಜನರೇಶನ್‌ಗೆ ಮುಗಿಯಿತು, 2024ರ ಅಕ್ಟೋಬರ್‌ನಲ್ಲಿ ಬಂದ ಕೋರ್ ಅಲ್ಟ್ರಾ 200ಎಸ್‌ಗೆ ಎಲ್‌ಜಿಎ1851 ಅನ್ನುವ ಬೇರೆ ಸಾಕೆಟ್. ಹಾಗಂತ ಎಲ್‌ಜಿಎ1700 ತಗೋಬಾರದು ಅಂತ ಅಲ್ಲ. ಕಡಿಮೆಗೆ ಸಿಕ್ಕಿ, ಐದಾರು ವರ್ಷ ಪ್ರೊಸೆಸರ್ ಬದಲಾಯಿಸುವ ಯೋಚನೆಯೇ ಇಲ್ಲ ಅನ್ನುವವರಿಗೆ ಅದು ಸಾಕು. 13 ಅಥವಾ 14ನೇ ಜನರೇಶನ್ ಹಾಕಿದರೆ ಮಾತ್ರ ಮೊದಲ ಕೆಲಸವೇ ಬಯಾಸ್ ಅಪ್‌ಡೇಟ್ ಆಗಬೇಕು. ಅವುಗಳಲ್ಲಿ ಕೆಲವು ದೊಡ್ಡ ಚಿಪ್‌ಗಳು ಜಾಸ್ತಿ ವೋಲ್ಟೇಜ್ ತಿಂದು ಹಾಳಾಗುತ್ತಿದ್ದವು. ಇಂಟೆಲ್ ಅದನ್ನು ಒಪ್ಪಿಕೊಂಡು 2024ರಲ್ಲಿ ಬಯಾಸ್ ಮೂಲಕ ಸರಿಪಡಿಸಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು.

ಈಗ ಆ ಚೀಟಿಯ "ಐ7" ವಿಷಯ. ಐ3, ಐ5, ಐ7 ಅನ್ನುವುದು ಆ ವರ್ಷದ ಅಣ್ಣತಮ್ಮಂದಿರ ನಡುವಿನ ಅಂತರ ಅಷ್ಟೇ, ಬೇರೆ ವರ್ಷದವರ ಜೊತೆ ಹೋಲಿಸಲು ಬರುವುದಿಲ್ಲ. 2017ರ ಐ7-7700ಗೆ 4 ಕೋರ್ (ಲೆಕ್ಕ ಮಾಡುವ ಭಾಗ), 8 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸ). 2022ರ ಐ3-12100ಗೂ 4 ಕೋರ್, 8 ಥ್ರೆಡ್. ಆ ಐ3 ಈ ಐ7ಗಿಂತ ವೇಗ. ಜೊತೆಗೆ, ಮೈಕ್ರೋಸಾಫ್ಟ್ ಪಟ್ಟಿಯ ಪ್ರಕಾರ ವಿಂಡೋಸ್ 11ಕ್ಕೆ ಇಂಟೆಲ್‌ನ 8ನೇ ಜನರೇಶನ್‌ನಿಂದ ಮುಂದಿನದೇ ಬೇಕು, ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಂದರೆ "ಐ7 ಇದೆ" ಅಂತ ಹಳೆಯ ಚಿಪ್ ಕೊಟ್ಟರೆ ನಿಮಗೆ ಎರಡು ಕಡೆಯಿಂದ ನಷ್ಟ. ಪೂರ್ತಿ ನಂಬರ್ ಬರೆಸಿಕೊಳ್ಳಿ, ಕೊನೆಯ ಅಕ್ಷರದವರೆಗೂ. ಇಂಟೆಲ್‌ನಲ್ಲಿ ಕೊನೆಗೆ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ, ಬೇರೆ ಕಾರ್ಡ್ ಹಾಕದೇ ಸ್ಕ್ರೀನ್ ಬರುವುದೇ ಇಲ್ಲ. ಕೆ ಅಂದರೆ ಓವರ್‌ಕ್ಲಾಕ್ (ನಿಗದಿಗಿಂತ ಜಾಸ್ತಿ ವೇಗಕ್ಕೆ ಓಡಿಸುವುದು) ಮಾಡಲು ಬಿಟ್ಟಿದ್ದಾರೆ ಅಂತ. ರೈಜನ್‌ನಲ್ಲಿ ಎಕ್ಸ್3ಡಿ ಅಂದರೆ ಚಿಪ್ ಜೊತೆಗೆ ಇನ್ನೂ 64 ಎಂಬಿ ಕ್ಯಾಶ್ (ಪ್ರೊಸೆಸರಿನ ಅತಿ ವೇಗದ ಮೆಮೊರಿ) ಜೋಡಿಸಿದ್ದಾರೆ, ಆಟಕ್ಕೆ ಅದು ತುಂಬಾ ಸಹಾಯ, ಆಫೀಸ್ ಕೆಲಸಕ್ಕೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಎಷ್ಟು ಕೋರ್ ಬೇಕು? ಸಾಮಾನ್ಯ ಕೆಲಸ ಮತ್ತು ಹೆಚ್ಚಿನ ಆಟಗಳಿಗೆ ಈಗಿನ ಕಾಲದ 6 ಕೋರ್ ಸಾಕು. ವೀಡಿಯೊ, ಬ್ಲೆಂಡರ್ (3ಡಿ ಚಿತ್ರ ಮಾಡುವ ಸಾಫ್ಟ್‌ವೇರ್), ದೊಡ್ಡ ಕೋಡ್ ಕಂಪೈಲ್ ಮಾಡುವವರಿಗೆ ಮಾತ್ರ 8, 12, 16 ಅಂತ ಹೋದಷ್ಟೂ ಲಾಭ.

ಮದರ್‌ಬೋರ್ಡ್‌ನಲ್ಲಿ ದುಬಾರಿಯದ್ದು ಬೇಡ, ಆದರೆ ತೀರಾ ಕೆಳಗಿನದ್ದೂ ಬೇಡ. ಇಂಟೆಲ್ ಪ್ರೊಸೆಸರಿಗೆ ಬರುವ ಎಚ್610 ಚಿಪ್‌ಸೆಟ್ ಬೋರ್ಡ್‌ಗಳಲ್ಲಿ ರ‍್ಯಾಮ್‌ಗೆ ಎರಡೇ ಸ್ಲಾಟ್, ಎಸ್‌ಎಸ್‌ಡಿ ಹಾಕುವ ಎಂ.2 ಸ್ಲಾಟ್ ಕೂಡ ಸಾಮಾನ್ಯವಾಗಿ ಒಂದೇ. ಇವತ್ತು ಉಳಿಸಿದ ದುಡ್ಡು ನಾಳೆ ಎರಡನೇ ಎಸ್‌ಎಸ್‌ಡಿ ಹಾಕಲು ಜಾಗ ಇಲ್ಲ ಅಂದಾಗ ಹೋಗುತ್ತದೆ. ಬಿ650 (ಎಎಂಡಿಗೆ), ಬಿ760 (ಇಂಟೆಲ್‌ಗೆ) ತರಹದ ನಡುವಿನ ಬೋರ್ಡ್ ನನ್ನ ಸಲಹೆ. ಬೋರ್ಡ್‌ನ ಹಿಂಬದಿ ಫೋಟೋ ತೆಗೆದುಕೊಂಡು ಯುಎಸ್‌ಬಿ ಪೋರ್ಟ್ ಎಣಿಸಿ. ಕೀಬೋರ್ಡ್, ಮೌಸ್, ಪ್ರಿಂಟರ್, ವೆಬ್‌ಕ್ಯಾಮ್, ಒಂದು ಎಕ್ಸ್‌ಟರ್ನಲ್ ಡಿಸ್ಕ್, ಅಲ್ಲಿಗೇ ಐದಾಯಿತು. ವೈಫೈ ಇದೆಯಾ ಅಂತಲೂ ನೋಡಿ, ಎಷ್ಟೋ ಬೋರ್ಡ್‌ಗಳಲ್ಲಿ ಇರುವುದಿಲ್ಲ, ಮನೆಗೆ ತಂದ ಮೇಲೆ ಗೊತ್ತಾಗುತ್ತದೆ. ಬಯಾಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇದ್ದರೆ ಇನ್ನೂ ಒಳ್ಳೆಯದು. ಹಳೆಯ ಸ್ಟಾಕಿನ ಬೋರ್ಡ್‌ಗೆ ಹೊಸ ಪ್ರೊಸೆಸರ್ ಗುರುತು ಸಿಗದಿದ್ದರೆ ಒಂದು ಪೆನ್‌ಡ್ರೈವ್‌ನಲ್ಲೇ ಅದನ್ನು ಸರಿ ಮಾಡಬಹುದು.

ರ‍್ಯಾಮ್ ವಿಷಯದಲ್ಲಿ 16 ಜಿಬಿಗಿಂತ ಕಡಿಮೆ ಹೊಸ ಕಂಪ್ಯೂಟರಿಗೆ ಹಾಕಿಸಬೇಡಿ, ಎಡಿಟಿಂಗ್ ಮತ್ತು ದೊಡ್ಡ ಆಟಗಳಿಗೆ 32. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಏರಿದ ರೀತಿ ನೋಡಿದರೆ 64 ಅಂತ ಸುಮ್ನೆ ತುಂಬಿಸುವುದರಲ್ಲಿ ಅರ್ಥ ಇಲ್ಲ. ರ‍್ಯಾಮ್‌ನ ಎರಡು ತಲೆಮಾರುಗಳಾದ ಡಿಡಿಆರ್4 ಮತ್ತು ಡಿಡಿಆರ್5ರ ಕಚ್ಚು ಬೇರೆ ಬೇರೆ ಜಾಗದಲ್ಲಿದೆ, ಒಂದರ ಸ್ಲಾಟ್‌ಗೆ ಇನ್ನೊಂದು ಕೂರುವುದಿಲ್ಲ. ಎಎಂ5 ಮತ್ತು ಎಲ್‌ಜಿಎ1851ಗೆ ಡಿಡಿಆರ್5 ಮಾತ್ರ, ಎಲ್‌ಜಿಎ1700ರಲ್ಲಿ ಎರಡು ಬಗೆಯ ಬೋರ್ಡೂ ಇವೆ, ನೋಡಿ ತಗೊಳ್ಳಿ.

ಚೀಟಿಯಲ್ಲಿ 16 ಜಿಬಿ ಅಂತ ಇದ್ದರೆ ಅದು 8ರ ಎರಡು ಸ್ಟಿಕ್ ಆಗಿರಲಿ ಅಂತ ಹೇಳಿ. ಒಂದೇ ಸ್ಟಿಕ್ ಹಾಕಿದರೆ ಮೆಮೊರಿಗೆ ಹೋಗುವ ದಾರಿ ಅರ್ಧ ಆಗುತ್ತದೆ. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಬಳಸುವವರಿಗಂತೂ ಇದು ಎದ್ದು ಕಾಣುತ್ತದೆ, ಅದಕ್ಕೆ ಬೇರೆ ಮೆಮೊರಿ ಇಲ್ಲವಲ್ಲ. ನಾಲ್ಕು ಸ್ಲಾಟ್ ಇರುವ ಬೋರ್ಡ್‌ನಲ್ಲಿ ಎರಡು ಸ್ಟಿಕ್ ಹಾಕುವುದು ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದು ಮತ್ತು ನಾಲ್ಕನೆಯದಕ್ಕೆ. ಬೋರ್ಡ್ ಪುಸ್ತಕದಲ್ಲಿ ಎ2, ಬಿ2 ಅಂತ ಬರೆದಿರುತ್ತದೆ. ಡಿಡಿಆರ್5ರಲ್ಲಿ ನಾಲ್ಕೂ ಸ್ಲಾಟ್ ತುಂಬಿದರೆ ವೇಗ ಇಳಿಯುತ್ತದೆ, ಹಾಗಾಗಿ ಮುಂದೆ ಬೇಕಾಗಬಹುದು ಅನ್ನಿಸಿದರೆ ಈಗಲೇ ದೊಡ್ಡ ಎರಡು ಸ್ಟಿಕ್ ತಗೊಳ್ಳಿ.

ಇಲ್ಲಿ ಇನ್ನೊಂದು ಮರೆಯುವ ಸಂಗತಿ ಇದೆ. 6000 ಅಂತ ಬರೆದ ಡಿಡಿಆರ್5 ರ‍್ಯಾಮ್ ಹಾಕಿದ ಮಾತ್ರಕ್ಕೆ 6000ರಲ್ಲಿ ಓಡುವುದಿಲ್ಲ, 4800ರಲ್ಲೇ ಓಡುತ್ತಿರಬಹುದು. ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಅನ್ನುವ ರ‍್ಯಾಮ್ ವೇಗದ ಸೆಟ್ಟಿಂಗ್ ಆನ್ ಮಾಡಬೇಕು. ದುಡ್ಡು ಕೊಟ್ಟ ವೇಗವನ್ನೇ ವರ್ಷಗಟ್ಟಲೆ ಬಳಸದೇ ಇರುವವರು ಇದ್ದಾರೆ. ಎಎಂ5ರಲ್ಲಿ ಮೊದಲ ಸಲ ಆನ್ ಮಾಡಿದಾಗ ರ‍್ಯಾಮ್ ಪರೀಕ್ಷೆ ಮಾಡಿಕೊಳ್ಳಲು ಕೆಲವು ನಿಮಿಷ ಸ್ಕ್ರೀನ್ ಕಪ್ಪಾಗಿಯೇ ಇರುತ್ತದೆ. ಗಾಬರಿಯಾಗಿ ಪ್ಲಗ್ ಕೀಳಬೇಡಿ, ಒಂದು ಹದಿನೈದು ನಿಮಿಷ ಬಿಡಿ.

ಎಸ್‌ಎಸ್‌ಡಿ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಬೇಡ. ವಿಂಡೋಸ್ ಹಾರ್ಡ್ ಡಿಸ್ಕ್‌ನಲ್ಲಿ ಇರಬಾರದು, ಅದೊಂದು ಖಡಾಖಂಡಿತ. ಹಳೆಯ ಬಗೆಯ ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ, ಹೊಸ ಬಗೆಯ ಎನ್‌ವಿಎಂಇಯಲ್ಲಿ ಜೆನ್ 3 (ಮೂರನೇ ತಲೆಮಾರು) 3500, ಜೆನ್ 4 7000ರ ಹತ್ತಿರ, ಜೆನ್ 5 ಹತ್ತು ಸಾವಿರದ ಮೇಲೆ. ನಂಬರ್ ನೋಡಿದರೆ ಜೆನ್ 5 ಬೇಕು ಅನ್ನಿಸುತ್ತದೆ, ಆದರೆ ಕಂಪ್ಯೂಟರ್ ಆನ್ ಆಗುವುದರಲ್ಲಿ, ಆಟ ಲೋಡ್ ಆಗುವುದರಲ್ಲಿ ಜೆನ್ 4ಕ್ಕೂ ಅದಕ್ಕೂ ಇರುವ ವ್ಯತ್ಯಾಸ ಕೈಗಡಿಯಾರ ಹಿಡಿದು ನೋಡಿದರೂ ಸಿಗುವುದು ಕಷ್ಟ. ಆ ದುಡ್ಡಲ್ಲಿ ಜಾಗ ಜಾಸ್ತಿ ಇರುವುದನ್ನು ತಗೊಳ್ಳಿ, ಆಗುವುದಾದರೆ ಒಳಗಿನ ಮೆಮೊರಿ ಚಿಪ್ ಕ್ಯೂಎಲ್‌ಸಿ ಬಗೆಯದ್ದು ಬಿಟ್ಟು ಟಿಎಲ್‌ಸಿ ಬಗೆಯದ್ದು. ದೊಡ್ಡ ಫೈಲ್ ಒಂದೇ ಸಮ ಬರೆಯುತ್ತಾ ಹೋದರೆ ಕ್ಯೂಎಲ್‌ಸಿ ಬೇಗ ಸುಸ್ತಾಗುತ್ತದೆ. ಎಂ.2 ಅಂದರೆ ಆಕಾರ ಮಾತ್ರ, ಅದರಲ್ಲೂ ಸಾಟಾ ಇದೆ, ಎನ್‌ವಿಎಂಇ ಇದೆ, ಕೇಳಿ ತಗೊಳ್ಳಿ. 1 ಟಿಬಿ ಹಾಕಿದರೆ ವಿಂಡೋಸ್ 931 ಜಿಬಿ ತೋರಿಸುತ್ತದೆ. ಮೋಸ ಅಲ್ಲ, ಎಣಿಸುವ ರೀತಿ ಬೇರೆ. ಫೋಟೋಗಳ ಇನ್ನೊಂದು ಕಾಪಿ ಬೇರೆ ಕಡೆ ಇರಲಿ, ಎಸ್‌ಎಸ್‌ಡಿ ಹಾರ್ಡ್ ಡಿಸ್ಕ್ ತರಹ ಕಟಕಟ ಸದ್ದು ಮಾಡಿ ಮುನ್ಸೂಚನೆ ಕೊಡುವುದಿಲ್ಲ.

ಗ್ರಾಫಿಕ್ಸ್ ಕಾರ್ಡ್ ನಿಮಗೆ ಬೇಕೇ ಬೇಕಾ ಅಂತ ಮೊದಲು ಆ ಕಾಗದ ನೋಡಿ. ಬ್ರೌಸರ್, ಆಫೀಸ್, 4ಕೆ ವೀಡಿಯೊ ನೋಡುವುದು, ಇಷ್ಟಕ್ಕೆ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಸಾಕು. "2 ಜಿಬಿ ಕಾರ್ಡ್ ಹಾಕಿಬಿಡಿ, ಇರಲಿ" ಅಂತ ಹಾಕಿಸುವ ಹಳೆಯ ಸಣ್ಣ ಕಾರ್ಡ್‌ನಿಂದ ನಿಮಗೆ ಏನೂ ಪ್ರಯೋಜನ ಇಲ್ಲ.

ಬೇಕು ಅನ್ನುವವರು ಮೊದಲು ಮಾನಿಟರ್ ತೀರ್ಮಾನ ಮಾಡಿ. 1080ಪಿ ಅಂದರೆ ಸುಮಾರು 20.7 ಲಕ್ಷ ಪಿಕ್ಸೆಲ್, 1440ಪಿ ಅಂದರೆ 36.9 ಲಕ್ಷ, 4ಕೆ ಅಂದರೆ 82.9 ಲಕ್ಷ. ಒಂದೊಂದು ಫ್ರೇಮ್‌ಗೂ ಕಾರ್ಡ್ ಅಷ್ಟನ್ನೂ ಬರೆಯಬೇಕು. 1080ಪಿಯಲ್ಲಿ ಹಾಯಾಗಿ ಓಡುವ ಕಾರ್ಡ್ 4ಕೆಯಲ್ಲಿ ತೆವಳುವುದು ಇದಕ್ಕೇ. ಕಾರ್ಡ್‌ನ ಮೆಮೊರಿ 8 ಜಿಬಿ ಈಗ ಕನಿಷ್ಠ ಅಂತ ಇಟ್ಟುಕೊಳ್ಳಿ, 1440ಪಿಗೆ 12 ಅಥವಾ 16 ಇದ್ದರೆ ನಾಲ್ಕು ವರ್ಷ ನೆಮ್ಮದಿ. ಆದರೆ ಜಿಬಿ ಜಾಸ್ತಿ ಅಂದಮಾತ್ರಕ್ಕೆ ಕಾರ್ಡ್ ವೇಗ ಅಂತ ಅಲ್ಲ. ಹೆಸರಲ್ಲೂ ಗೊಂದಲ ಇದೆ: ಆರ್‌ಟಿಎಕ್ಸ್ 3050 ಅಂತಲೇ 8 ಜಿಬಿಯದೂ ಇದೆ, 6 ಜಿಬಿಯದೂ ಇದೆ. ಬರೀ ಮೆಮೊರಿ ಕಡಿಮೆ ಅಂದುಕೊಂಡು 6 ಜಿಬಿಯದು ತಂದರೆ ಅದರಲ್ಲಿ ಕೋರ್‌ಗಳೂ ಕಡಿಮೆ, 2560ರ ಬದಲು 2304. ಬ್ಲೆಂಡರ್, ಎಐ ಕೆಲಸ ಮಾಡುವವರಿಗೆ ಕುಡಾ (ಎನ್‌ವಿಡಿಯಾ ಕಾರ್ಡ್ ಕೈಯಲ್ಲಿ ಲೆಕ್ಕ ಮಾಡಿಸುವ ಸಾಫ್ಟ್‌ವೇರ್) ಸಲುವಾಗಿ ಎನ್‌ವಿಡಿಯಾ ಸುಲಭ. ಇಂಟೆಲ್‌ನ ಆರ್ಕ್ ಗ್ರಾಫಿಕ್ಸ್ ಕಾರ್ಡ್ ತಗೊಂಡರೆ ಬಯಾಸ್‌ನಲ್ಲಿ ರಿಸೈಜಬಲ್ ಬಾರ್ (ಕಾರ್ಡ್‌ನ ಇಡೀ ಮೆಮೊರಿಯನ್ನು ಪ್ರೊಸೆಸರ್ ಒಟ್ಟಿಗೆ ಬಳಸಲು ಬಿಡುವ ಸೆಟ್ಟಿಂಗ್) ಆನ್ ಇರಲೇಬೇಕು, ಇಲ್ಲದಿದ್ದರೆ ಅದರ ವೇಗ ತುಂಬಾ ಬಿದ್ದುಹೋಗುತ್ತದೆ. ಹಾಗಾಗಿ ತೀರಾ ಹಳೆಯ ಬೋರ್ಡ್‌ಗೆ ಅದು ಸರಿ ಹೊಂದುವುದಿಲ್ಲ.

ಕ್ಯಾಬಿನೆಟ್ ಮುಂದೆ ಗಾಜಿಗಿಂತ ಜಾಲರಿ ಇರಲಿ, ಗಾಳಿ ಒಳಗೆ ಹೋಗಬೇಕು. ಟೇಪ್ ಹಿಡಿದು ಮೂರು ಅಳತೆ ನೋಡಿ: ಬೋರ್ಡ್ ಸೈಜ್ (ಎಟಿಎಕ್ಸ್ 305×244 ಮಿ.ಮೀ., ಮೈಕ್ರೋ ಎಟಿಎಕ್ಸ್ 244×244 ಮಿ.ಮೀ.), ಗ್ರಾಫಿಕ್ಸ್ ಕಾರ್ಡ್ ಉದ್ದ, ಕೂಲರ್ ಎತ್ತರ. ಕೂಲರ್‌ಗೆ ನೀರಿನದ್ದು ಬೇಕಾಗಿಲ್ಲ, ಮಧ್ಯಮ ಪ್ರೊಸೆಸರಿಗೆ ಒಂದು ಒಳ್ಳೆಯ ಟವರ್ ಏರ್ ಕೂಲರ್ ಸಾಕು. ಅದರ ತಳದಲ್ಲಿ ಅಂಟಿಸಿರುವ ತೆಳು ಪ್ಲಾಸ್ಟಿಕ್ ಹಾಳೆ ಕಿತ್ತ ಮೇಲೇ ಕೂರಿಸಿ. ಒಬ್ಬರು ಪ್ರೊಸೆಸರ್ ಸುಡುತ್ತಿದೆ ಅಂತ ನನ್ನ ಹತ್ತಿರ ತಂದಿದ್ದರು. ಕೂಲರ್ ಎತ್ತಿ ನೋಡಿದರೆ ಹಾಳೆ ಹಾಗೇ ಇತ್ತು, ಅದರ ಮೇಲೆ ಪೇಸ್ಟ್ ವೃತ್ತಾಕಾರವಾಗಿ ಹರಡಿತ್ತು, "ಎಚ್ಚರಿಕೆ, ತೆಗೆಯಿರಿ" ಅನ್ನುವ ಅಕ್ಷರಗಳು ಪೇಸ್ಟ್ ಅಡಿಯಿಂದ ಅರ್ಧ ಕಾಣುತ್ತಿದ್ದವು. ಹಾಳೆ ತೆಗೆದು ಹೊಸ ಪೇಸ್ಟ್ ಹಾಕಿದ ಮೇಲೆ ಆ ಕಂಪ್ಯೂಟರ್ ತಣ್ಣಗಾಯಿತು.

ಅಸೆಂಬಲ್ ಮಾಡಿಸಿಕೊಳ್ಳುವವರಾಗಲಿ, ರೆಡಿ ಇರುವುದನ್ನು ತರುವವರಾಗಲಿ, ಬಿಲ್‌ನಲ್ಲಿ ಎಲ್ಲಾ ಪಾರ್ಟ್‌ನ ಪೂರ್ತಿ ಮಾಡೆಲ್ ಹೆಸರು ಬರೆಸಿಕೊಳ್ಳಿ, ಮದರ್‌ಬೋರ್ಡ್ ಮತ್ತು ಎಸ್‌ಎಂಪಿಎಸ್ ಸೇರಿಸಿ. ಬರೆದುಕೊಡಲು ಹಿಂಜರಿದರೆ ಬೇರೆ ಕಡೆ ನೋಡಿ.

ಮನೆಗೆ ಬಂದ ದಿನವೇ ನೋಡಬೇಕಾದ್ದು ಕೆಲವಿದೆ, ವಾಪಸ್ ಕೊಡುವ ಅವಧಿ ಮುಗಿದ ಮೇಲೆ ಅಲ್ಲ. ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡ್‌ಗೆ ಹೋಗಿದೆಯಾ, ಮದರ್‌ಬೋರ್ಡ್‌ಗೆ ಹೋಗಿದೆಯಾ? ಮದರ್‌ಬೋರ್ಡ್‌ಗೆ ಸಿಕ್ಕಿಸಿದ್ದರೆ ನಿಮ್ಮ ದುಬಾರಿ ಕಾರ್ಡ್ ಸುಮ್ನೆ ಕೂತಿರುತ್ತದೆ. 144 ಹರ್ಟ್ಜ್ ಮಾನಿಟರ್ ಆದರೆ ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಅದನ್ನು 60ರಿಂದ 144ಕ್ಕೆ ಏರಿಸಿ, ಎಷ್ಟೋ ಸಲ ತಾನಾಗಿ ಏರುವುದಿಲ್ಲ. ಟಾಸ್ಕ್ ಮ್ಯಾನೇಜರ್ ತೆರೆದು ಪ್ರೊಸೆಸರ್ ಹೆಸರು, ರ‍್ಯಾಮ್ ವೇಗ, ಎಷ್ಟು ಸ್ಲಾಟ್ ತುಂಬಿದೆ ಅನ್ನುವುದನ್ನು ಬಿಲ್ ಜೊತೆ ಹೋಲಿಸಿ. ಆಮೇಲೆ ನಿಮ್ಮ ಅತಿ ಭಾರದ ಕೆಲಸವನ್ನೇ, ಆಟವೋ ಎಕ್ಸ್‌ಪೋರ್ಟೋ, ಒಂದೆರಡು ಗಂಟೆ ಬಿಡದೇ ಓಡಿಸಿ. ಎಸ್‌ಎಂಪಿಎಸ್ ಕಳಪೆ ಇದ್ದರೆ ಆ ಎರಡು ಗಂಟೆಯಲ್ಲೇ ಸಿಕ್ಕಿಬೀಳುವ ಸಾಧ್ಯತೆ ಜಾಸ್ತಿ. ಅಲ್ಲಿಯವರೆಗೂ ಡಬ್ಬಗಳನ್ನು ಬಿಸಾಡಬೇಡಿ, ಸೀರಿಯಲ್ ನಂಬರ್ ಇರುವ ಪಟ್ಟಿಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಬಿಲ್ ಜೊತೆ ಒಂದೇ ಕಡೆ ಇಟ್ಟುಕೊಳ್ಳಿ.